ನಕ್ಷೆಯಲ್ಲಿ ಕಪ್ಪು ಬಳಿದ ಬೀದಿಗಳು

1889ರಲ್ಲಿ ಚಾರ್ಲ್ಸ್ ಬೂತ್ ಲಂಡನ್ನಿನ ಬಡತನದ ನಕ್ಷೆ ಹೊರತಂದ. ಸಿರಿವಂತರ ಬೀದಿಗೆ ಹಳದಿ, ಕಡುಬಡವರ ಬೀದಿಗೆ ಕಪ್ಪು. ಆ ಕಪ್ಪಿನವರು ದುಷ್ಟರು, ಅರೆ ಅಪರಾಧಿಗಳು ಎಂದು ವಿವರಣೆಯನ್ನೂ ಬರೆದ. ಪೂರ್ವ ಲಂಡನ್ನಿನಲ್ಲಿ ನೂರಕ್ಕೆ 35 ಮಂದಿ ಬಡತನದಲ್ಲಿ ಬೇಯುತ್ತಿದ್ದಾರೆಂದು ಮನೆಮನೆಯ ವಿವರ ಕಲೆಹಾಕಿ ತೋರಿಸಿದವನೂ ಅವನೇ. ಆ ಲೆಕ್ಕಕ್ಕೆ ತಲೆಬಾಗುತ್ತೇನೆ. ಆ ಕಪ್ಪು ಮಸಿಯನ್ನು ಒಪ್ಪಲಾರೆ.

ನಕ್ಷೆಯಲ್ಲಿ ಹೀಗೆ ಕಪ್ಪಾದ ಪೂರ್ವ ಲಂಡನ್ನಿನ ಕೊಳೆಗೇರಿ ಓಲ್ಡ್ ನಿಕೋಲ್‌ಗೆ ಹೋಗಿ ನೋಡೋಣ. ಬೆತ್ನಲ್ ಗ್ರೀನ್ ಅಂಚಿನ ಇಕ್ಕಟ್ಟು ಗಲ್ಲಿಗಳಲ್ಲಿ ಸುಮಾರು 5,700 ಜನ. ಹುಟ್ಟಿದ ನಾಲ್ಕು ಕೂಸುಗಳಲ್ಲಿ ಒಂದು, ವರ್ಷ ತುಂಬುವ ಮೊದಲೇ ಮಣ್ಣು ಸೇರುತ್ತಿತ್ತು. ಹೆಂಗಸರು, ಮಕ್ಕಳು ಮನೆಯಲ್ಲೇ ಕೂತು ಬೆಂಕಿಪೊಟ್ಟಣ ಮಾಡುತ್ತಿದ್ದರು. ತೆಳು ಮರದ ಪಟ್ಟಿ ಮಡಚಬೇಕು, ಕಾಗದ ಸುತ್ತಿ ಅಂಟಿಸಬೇಕು, ಕಡ್ಡಿ ಗೀರುವ ಒರಟು ಕಾಗದ ಹಚ್ಚಬೇಕು, ನೆಲದ ಮೇಲೆ, ಹಾಸಿಗೆಯ ಮೇಲೆ ಹರವಿ ಒಣಗಿಸಬೇಕು. ಒಣಗಬೇಕಾದದ್ದು ಎಂಥ ಕೋಣೆಯಲ್ಲಿ? ಸಾಬೂನು ತಯಾರಿಕೆಯಲ್ಲಿ ಉಳಿದ ಕಸವನ್ನೇ ಗಾರೆ ಮಾಡಿ ಕಟ್ಟಿದ ಗೋಡೆಗಳು ಅವು. ಆ ಗಾರೆ ಎಂದೂ ಪೂರ್ತಿ ಒಣಗುತ್ತಿರಲಿಲ್ಲ.

ಕೂಲಿ, 144 ಪೊಟ್ಟಣಕ್ಕೆ ಎರಡೂಕಾಲು ಪೆನ್ನಿ. ಅಂಟಿನ ಖರ್ಚು, ದಾರದ ಖರ್ಚು ಮಾಡುವವಳದೇ. ಕೋಣೆಯ ಬಾಡಿಗೆ ವಾರಕ್ಕೆ ಎರಡು-ಮೂರು ಶಿಲಿಂಗ್. ಮೂರು ಶಿಲಿಂಗ್ ಎಂದರೆ 2,304 ಪೊಟ್ಟಣ! ರೊಟ್ಟಿ, ಕಲ್ಲಿದ್ದಲು, ಮಗುವಿನ ಔಷಧಿ ಎಲ್ಲ ಅದರ ಮೇಲಿನ ಲೆಕ್ಕ. ನಾಲ್ಕೈದು ವರ್ಷದ ಹಸುಳೆಯೂ ಯಾಕೆ ಅಂಟು ಹಚ್ಚುತ್ತಿತ್ತು ಎಂದು ಇನ್ನು ಕೇಳಬೇಡಿ.

ಈ ಬಾಡಿಗೆ ಯಾರ ಜೇಬು ಸೇರಿತು? ಮನೆಯೊಡೆಯರಲ್ಲಿ ಸ್ಥಳೀಯ ಆಡಳಿತ ಮಂಡಳಿಯ ಸದಸ್ಯರಿದ್ದರು. ಚರಂಡಿ, ಶೌಚ, ಸೋರುವ ಸೂರು ನೋಡಬೇಕಾದ ನೈರ್ಮಲ್ಯ ಅಧಿಕಾರಿಯನ್ನು ನೇಮಿಸುತ್ತಿದ್ದದ್ದೂ ಅದೇ ಮಂಡಳಿ. ಜಾಗದ ಅಳತೆಗೆ ಹೋಲಿಸಿದರೆ ಪಶ್ಚಿಮ ಲಂಡನ್ನಿನ ಬಂಗಲೆಗಳಿಗಿಂತ ಈ ಬಿಲಗಳ ಬಾಡಿಗೆಯೇ ದುಬಾರಿ. ಕೊಳೆಗೇರಿಯನ್ನು ಬಡವರು ಕಟ್ಟಲಿಲ್ಲ. ಅದು ಲಾಭಕ್ಕೆಂದು ಕಟ್ಟಿದ್ದು, ಲಾಭಕ್ಕೆಂದೇ ಕೊಳೆಯಲು ಬಿಟ್ಟದ್ದು. ಅರೆ ಅಪರಾಧಿ ಎಂಬ ಹಣೆಪಟ್ಟಿ ಮಾತ್ರ ಪೊಟ್ಟಣ ಮಡಚುವವಳಿಗೆ. ಬಾಡಿಗೆ ಎಣಿಸಿಕೊಂಡವನ ಬೀದಿಗೆ ಯಾವ ನಕ್ಷೆಯೂ ಮಸಿ ಬಳಿಯಲಿಲ್ಲ.

1890ರ ದಶಕದಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಓಲ್ಡ್ ನಿಕೋಲ್ ಅನ್ನು ಕೆಡವಿತು. ಆ ಜಾಗದಲ್ಲಿ ಕೆಂಪು ಇಟ್ಟಿಗೆಯ ಬೌಂಡರಿ ಎಸ್ಟೇಟ್ ಎದ್ದಿತು. 1900ರಲ್ಲಿ ಯುವರಾಜನೇ ಬಂದು ಉದ್ಘಾಟಿಸಿದ. ಮನೆಗಳು ನಿಜಕ್ಕೂ ಚೆಂದ, ಗಾಳಿ ಬೆಳಕು ಧಾರಾಳ. ಆದರೆ ಅಲ್ಲಿನ ಬಾಡಿಗೆ ಕಟ್ಟುವ ಶಕ್ತಿ ಇದ್ದವರು ಗುಮಾಸ್ತರು, ಕಸುಬುದಾರರು. ಒಕ್ಕಲೆಬ್ಬಿಸಿದ ಅಷ್ಟು ಸಾವಿರ ಜನರಲ್ಲಿ ಹೊಸ ಮನೆಗೆ ಮರಳಿದವರು ಹನ್ನೊಂದೇ ಮಂದಿ. ಉಳಿದವರು ಗಂಟುಮೂಟೆ ಹೊತ್ತು ಅಕ್ಕಪಕ್ಕದ ಕೇರಿಗಳಿಗೆ ನುಗ್ಗಿದರು, ಮೊದಲೇ ಕಿಕ್ಕಿರಿದ ಕೋಣೆಗಳಲ್ಲಿ ಮತ್ತಷ್ಟು ಒತ್ತಿಕೊಂಡು ಮಲಗಿದರು. ಕೆಡವಿದ ಗೋಡೆಗಳಿಗೆ ಕೌನ್ಸಿಲ್ ಪರಿಹಾರ ಕೊಟ್ಟಿತು, ಅದನ್ನು ಪಡೆದವರು ಮನೆಯೊಡೆಯರು.