ಕಸುಬು ಕಲಿಸುವ ತರಗತಿ ಪಿಯು ಕಾಲೇಜಿನೊಳಗೇ ಇರಲಿ

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನಗಳಲ್ಲಿ ಬಂಟ್ವಾಳದಿಂದ ಮೂಡುಬಿದಿರೆ, ಬೆಳ್ತಂಗಡಿವರೆಗೆ ರಸ್ತೆ ಬದಿಯ ಫ್ಲೆಕ್ಸ್‌ಗಳಲ್ಲಿ ರಾರಾಜಿಸುವುದು ನೀಟ್, ಜೆಇಇ, ಸಿಇಟಿ ರ‍್ಯಾಂಕ್‌ನವರ ಮುಖಗಳು. ಫಿಟ್ಟರ್ ಕಲಿತು ಒಳ್ಳೆಯ ಕೆಲಸ ಹಿಡಿದ ಹುಡುಗನಿಗೆ ಅಲ್ಲಿ ಜಾಗವಿಲ್ಲ. ‘ಮಾರ್ಕ್ ಸಾಲದು, ಐಟಿಐಗೆ ಹಾಕುವ’ ಎಂದು ಮಗನ ಎದುರೇ ಹೇಳುತ್ತೇವೆ. ಹದಿನಾರರ ಪ್ರಾಯದವರಿಗೆ ನಾವು ಮಾಡುತ್ತಿರುವ ಅನ್ಯಾಯವಿದು. ಹೆತ್ತವರನ್ನಷ್ಟೇ ದೂರಿ ಪ್ರಯೋಜನವಿಲ್ಲ, ಈ ತಾರತಮ್ಯವನ್ನು ಬೆಳೆಸಿದ್ದು ಸರ್ಕಾರಗಳೇ.

ಜೆಒಸಿ (ಜಾಬ್ ಓರಿಯೆಂಟೆಡ್ ಕೋರ್ಸ್) ಎಂಬ ಕಸುಬಿನ ಕೋರ್ಸ್ ಹಲವರಿಗೆ ನೆನಪಿರಬಹುದು. 1970ರ ದಶಕದ ಕೊನೆಗೆ ಶುರುವಾಗಿ ಪಿಯು ಕಾಲೇಜುಗಳಲ್ಲೇ ನಡೆಯುತ್ತಿತ್ತು. ಕಲಿಸುವವರು ವರ್ಷಾನುಗಟ್ಟಲೆ ಅರೆಕಾಲಿಕರಾಗಿಯೇ ದುಡಿದರು. ಸರಿಪಡಿಸುವ ಬದಲು ಸರ್ಕಾರ ಕೋರ್ಸನ್ನೇ ನಿಲ್ಲಿಸಿತು. 2011ರ ವಿಶೇಷ ಕಾಯ್ದೆ ಆ ಶಿಕ್ಷಕರನ್ನು ಸರ್ಕಾರಿ ಸೇವೆಗೆ ಸೇರಿಸಿಕೊಂಡಿತು, ಅದು ನ್ಯಾಯವೇ. ಮಕ್ಕಳ ಪಾಲಿಗೆ ಮಾತ್ರ ಊರಿನ ಕಾಲೇಜಿನಲ್ಲಿದ್ದ ಒಂದು ಬಾಗಿಲು ಮುಚ್ಚಿತು.

ಕಸುಬು ಕಲಿಯಲು ಉಜಿರೆಯ ರುಡ್‌ಸೆಟ್ ತರಬೇತಿ ಸಂಸ್ಥೆ ಇದೆಯಲ್ಲ ಎನ್ನಬಹುದು. ಅದು ನಮ್ಮ ಹೆಮ್ಮೆ. ಧರ್ಮಸ್ಥಳವೂ ಸಿಂಡಿಕೇಟ್, ಕೆನರಾ ಬ್ಯಾಂಕ್‌ಗಳೂ ಸೇರಿ 1982ರಲ್ಲಿ ಕಟ್ಟಿದ ಈ ಸಂಸ್ಥೆಯ ಮಾದರಿಯಲ್ಲೇ ದೇಶದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು (ಆರ್‌ಸೆಟಿ) ಹುಟ್ಟಿದವು. ಆದರೆ ಅದು ಶಾಲೆ ಬಿಟ್ಟು, ಹದಿನೆಂಟು ದಾಟಿ, ಕೆಲಸವಿಲ್ಲದೆ ಕುಳಿತವರಿಗೆ ಕೊಡುವ ಅಲ್ಪಾವಧಿಯ ತರಬೇತಿ. ಶಾಲೆ ಮಾಡಬೇಕಾದದ್ದನ್ನು ಅದರ ಮೇಲೆ ಹೊರಿಸಲಾಗದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಕೊಟ್ಟ ಲೆಕ್ಕ ನೋಡಿ: 19ರಿಂದ 24ರ ಪ್ರಾಯದ ದುಡಿಯುವವರಲ್ಲಿ ಔಪಚಾರಿಕ ವೃತ್ತಿ ಶಿಕ್ಷಣ ಪಡೆದವರು ಭಾರತದಲ್ಲಿ ಶೇ 5ಕ್ಕಿಂತ ಕಡಿಮೆ, ಜರ್ಮನಿಯಲ್ಲಿ ಶೇ 75.

ಶಾಲೆ, ಕಾಲೇಜಿನಲ್ಲೇ ಕಸುಬು ಕಲಿಸಬೇಕೆಂಬುದಕ್ಕೆ ಒಂದು ಗಂಭೀರ ಆಕ್ಷೇಪವಿದೆ: ಕಸುಬಿನ ಶಿಕ್ಷಣವೆಂದರೆ ಬಡವರ, ಹಿಂದುಳಿದವರ ಮಕ್ಕಳನ್ನು ಕುಲಕಸುಬಿಗೇ ಕಟ್ಟಿಹಾಕುವ ಹುನ್ನಾರ ಎಂಬುದು. ಈ ಭಯ ಸುಳ್ಳಲ್ಲ. 1953ರಲ್ಲಿ ಮದ್ರಾಸ್ ಮುಖ್ಯಮಂತ್ರಿ ರಾಜಾಜಿ, ಹಳ್ಳಿ ಮಕ್ಕಳಿಗೆ ಶಾಲೆಯ ಅವಧಿ ಇಳಿಸಿ ಉಳಿದ ಹೊತ್ತು ಮನೆಯ ಕಸುಬು ಕಲಿಸುವ ಯೋಜನೆ ತಂದರು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೂ ಆಗ ಮದ್ರಾಸ್ ರಾಜ್ಯದಲ್ಲಿತ್ತು. ಜನ ಸಿಡಿದೆದ್ದರು, ಮರುವರ್ಷ ಅವರು ಅಧಿಕಾರ ಬಿಟ್ಟ ಮೇಲೆ ಯೋಜನೆಯೂ ಹೋಯಿತು. ಹೋಗಲೇಬೇಕಿತ್ತು. ಅಪ್ಪನ ಕಸುಬು ಮಗನಿಗೆ ಎಂಬುದು ಶಿಕ್ಷಣವಲ್ಲ.

ಅದಕ್ಕೆಂದೇ ನಾನು ಬೇರೆ ಕಟ್ಟಡ, ಬೇರೆ ಮಕ್ಕಳು ಎಂಬ ಏರ್ಪಾಡನ್ನು ವಿರೋಧಿಸುತ್ತೇನೆ. ಡಾಕ್ಟರರ ಮಗಳೂ ಬೀಡಿ ಕಟ್ಟುವವರ ಮಗನೂ ಒಂದೇ ವರ್ಕ್‌ಶಾಪಿನಲ್ಲಿ ವೈರಿಂಗ್ ಕಲಿಯಲಿ, ಪಂಪ್ ಬಿಚ್ಚಿ ಜೋಡಿಸಲಿ. ವಿಜ್ಞಾನ ವಿಭಾಗದವರಿಗೂ ಒಂದು ಕಸುಬು ಕಡ್ಡಾಯವಾಗಲಿ, ಅದರ ಅಂಕ ಒಟ್ಟು ಅಂಕಗಳಿಗೆ ಸೇರಲಿ. ಕಲಿಸುವವರಿಗೆ ಉಪನ್ಯಾಸಕರಷ್ಟೇ ಸಂಬಳ, ಕಾಯಂ ಹುದ್ದೆ ಸಿಗಲಿ. ಜೆಒಸಿಯ ತಪ್ಪು ಮರುಕಳಿಸಬಾರದು. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಅಲ್ಲಿಂದ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಈ ದಾರಿಯನ್ನು ಹತ್ತನೇ ತರಗತಿಯಲ್ಲೇ ಮಕ್ಕಳಿಗೂ ಮನೆಯವರಿಗೂ ಕೂರಿಸಿ ವಿವರಿಸಬೇಕು.

ದುಡ್ಡೆಲ್ಲಿ ಎಂದು ಕೇಳುವವರು ಮೂಡುಬಿದಿರೆಯನ್ನು ನೋಡಲಿ. ಸಾವಿರಾರು ಮಕ್ಕಳ ಹಾಸ್ಟೆಲ್, ಲ್ಯಾಬ್, ಸಭಾಂಗಣ ಕಟ್ಟಬಲ್ಲ ಖಾಸಗಿ ಸಂಸ್ಥೆಗಳು ಒಂದು ವರ್ಕ್‌ಶಾಪ್ ಕಟ್ಟಲಾರವೇ? ಹೊಸ ಪಿಯು ವಿಭಾಗಕ್ಕೆ ಅನುಮತಿ ಕೊಡುವಾಗ, ವೃತ್ತಿ ವಿಭಾಗವನ್ನೂ ತೆರೆಯಬೇಕೆಂದು ಇಲಾಖೆ ಷರತ್ತು ಹಾಕಲಿ. ಬಂಟ್ವಾಳ, ಬೆಳ್ತಂಗಡಿಯ ಸರ್ಕಾರಿ ಕಾಲೇಜುಗಳಿಗೆ ಯಂತ್ರ, ಹುದ್ದೆ, ಅನುದಾನ ಕೊಡುವುದು ಸರ್ಕಾರದ ಹೊಣೆ. ನಮ್ಮ ಶಾಸಕರು ಇದನ್ನು ಸದನದಲ್ಲಿ ಕೇಳಲಿ.