ಸ್ವಿಚ್ಚು ಕೈಗೆ ಸಿಗಲಿ, ಕಣ್ಣು ರಸ್ತೆ ಮೇಲಿರಲಿ

ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಲೋಡಿಗೆ ಕಾದು ನಿಂತಿದ್ದ ಒಂದು ಹಳೇ ಲಾರಿಯ ಕ್ಯಾಬಿನ್ ಹತ್ತಿ ಕೂತಿದ್ದೆವು. ಡ್ರೈವರ್ ಅಣ್ಣ ಗುಬ್ಬಿ ಕಡೆಯವರು. "ಅಣ್ಣಾ, ಇದರಲ್ಲಿ ವೈಪರ್ ಸ್ವಿಚ್ಚು ಯಾವುದು?" ಎಂದು ಕೇಳಿದೆವು. ಅವರು ಎಡಗೈ ಚಾಚಿ, ಮುಂದಕ್ಕೆ ಬಗ್ಗಿ, ಟೇಪ್ ಇಟ್ಟಿದ್ದ ಗೂಡಿನ ಕೆಳಗೆ ತಡಕಾಡಿದರು. ಅಲ್ಲಿ ಒಂದೇ ತರದ ನಾಲ್ಕು ಕರಿ ಸ್ವಿಚ್ಚುಗಳಿದ್ದವು. ಮೊದಲನೆಯದು ಒತ್ತಿದರೆ ಫ್ಯಾನ್ ತಿರುಗಿತು. ಎರಡನೆಯದು ಒತ್ತಿದರೆ ಏನೂ ಆಗಲಿಲ್ಲ. ಮೂರನೆಯದಕ್ಕೆ ವೈಪರ್ ಎದ್ದಿತು.

"ಈ ಗಾಡಿ ಹತ್ತಿ ಹದಿನೈದು ದಿನ ಆಯ್ತು ಅಷ್ಟೇ. ಕೈಗೆ ಇನ್ನೂ ಕೂತಿಲ್ಲ" ಎಂದು ನಕ್ಕರು.

ಗಾಡಿ ನಿಂತಿತ್ತು, ಆದ್ದರಿಂದ ನಾವೂ ನಕ್ಕೆವು. ಅದೇ ಗಾಡಿ ರಾತ್ರಿ ಹೊತ್ತು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಶಿರಾ ಕಡೆಯಿಂದ ತುಮಕೂರಿನ ಕಡೆಗೆ ಬರುತ್ತಿದೆ, ಇದ್ದಕ್ಕಿದ್ದ ಹಾಗೆ ಮಳೆ ಹಿಡಿಯಿತು ಅಂದುಕೊಳ್ಳಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಡ್ರೈವರ್ ಮೂರು ಸೆಕೆಂಡು ಬಗ್ಗಿ ಸ್ವಿಚ್ಚು ಹುಡುಕಿದರೆ 50 ಮೀಟರ್. ಅಷ್ಟು ದೂರ ಆ ಲಾರಿಗೆ ಕಣ್ಣಿಲ್ಲ. ಅದೇ ರಸ್ತೆಯಲ್ಲಿ ಶಿಫ್ಟು ಮುಗಿಸಿಕೊಂಡು ಟಿವಿಎಸ್ ಗಾಡಿಯಲ್ಲಿ ಮನೆಗೆ ಹೊರಟವರು ನಮ್ಮ ಊರಿನವರೇ.

ಹಳೇ ಲಾರಿಗೆ ಎಫ್‌ಸಿ ಮಾಡಿಸುವಾಗ ಬಣ್ಣ ಬಳಿಸುತ್ತೇವೆ, ಟೈರು ನೋಡುತ್ತೇವೆ, ಬ್ರೇಕು ನೋಡುತ್ತೇವೆ. ಆಗಲೇ ಡ್ಯಾಶ್‌ಬೋರ್ಡಿನ ಸ್ವಿಚ್ಚುಗಳನ್ನೂ ಒಂದು ಸಲ ಬಿಚ್ಚಿ, ಈಗ ಓಡಿಸುವವನ ಕೈಗೆ ಸಿಗುವ ಹಾಗೆ ಮತ್ತೆ ಜೋಡಿಸಬೇಕು. ಇದು ಶೋಕಿ ಕೆಲಸ ಅಲ್ಲ, ಬ್ರೇಕಿನಷ್ಟೇ ಮುಖ್ಯವಾದ ಕೆಲಸ ಎಂಬುದು ನಮ್ಮ ಅಭಿಪ್ರಾಯ.

ಹೀಗೆ ಆಗಿದ್ದು ಹೇಗೆ?

ನಮ್ಮ ಕಡೆ ಹಳಬರು ಇವತ್ತಿಗೂ 'ಬೆಂಜ್ ಲಾರಿ' ಅನ್ನುತ್ತಾರೆ. ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಕಂಪನಿ ಜೊತೆ ಸೇರಿ 1954ರಲ್ಲಿ ಲಾರಿ ಮಾಡಲು ಶುರು ಮಾಡಿದ್ದರಿಂದ ಬಂದ ಹೆಸರು ಅದು. ಆಮೇಲೆ ಬಹಳ ವರ್ಷ ಕಂಪನಿಯಿಂದ ಬರುತ್ತಿದ್ದದ್ದು ಹೆಚ್ಚಾಗಿ ಚಾಸಿ, ಎಂಜಿನ್ನು, ಮುಂದಿನ ಮುಖ ಮಾತ್ರ. ಕ್ಯಾಬಿನ್ನು, ಬಾಡಿ ಎಲ್ಲ ಹೊರಗೆ ಕಟ್ಟಿಸಬೇಕಿತ್ತು. ಬಾಡಿ ಕಟ್ಟುವುದಕ್ಕೆ ಹೆಸರಾದ ನಾಮಕ್ಕಲ್‌ಗೆ ನಮ್ಮವರೂ ಹೋಗುತ್ತಿದ್ದರು. ಮರದ ಚೌಕಟ್ಟು, ಮೇಲೆ ತಗಡು, ಒಳಗೆ ರೆಕ್ಸಿನ್. ಎಲ್ಲಿ ಏನಿಡಬೇಕು ಎಂಬುದು ಬಾಡಿ ಕಟ್ಟುವವರ ರೂಢಿ, ಮಾಲೀಕರ ಇಷ್ಟ.

ಆಮೇಲೆ ಗಾಡಿ ಕೈ ಬದಲಾಗುತ್ತದೆ. ಮೊದಲನೇ ಮಾಲೀಕ ಫಾಗ್ ಲೈಟ್ ಹಾಕಿಸಿದ. ಎರಡನೆಯವನು ಏರ್ ಹಾರನ್ನು, ಟೇಪು ಹಾಕಿಸಿದ. ಮೂರನೆಯವನು ಸೀರಿಯಲ್ ಲೈಟು, ಫ್ಯಾನು, ಮೊಬೈಲ್ ಚಾರ್ಜರ್ ಸೇರಿಸಿದ. ಪ್ರತಿ ಸಲವೂ ಎಲೆಕ್ಟ್ರಿಷಿಯನ್ ಎಲ್ಲಿ ತೂತು ಕೊರೆಯಲು ಸುಲಭವೋ ಅಲ್ಲಿ ಸ್ವಿಚ್ಚು ಕೂರಿಸಿದ. ಕಂಪನಿಯ ಸ್ವಿಚ್ಚು ಕೆಟ್ಟಾಗ ಅದನ್ನು ಅಲ್ಲೇ ಸತ್ತ ಹಾಗೆ ಬಿಟ್ಟು, ಪಕ್ಕದಲ್ಲಿ ಇನ್ನೊಂದು ಕೂರಿಸಿದ. ಕೊನೆಗೆ ಕೈಗೆ ಹತ್ತಿರ ಇರುವುದು ಹಾಡು, ಫ್ಯಾನು, ಅಲಂಕಾರದ ದೀಪ. ದೂರ ಹೋಗಿದ್ದು ವೈಪರ್ರು, ಹಜಾರ್ಡ್ ಲೈಟು.

ಇದರಲ್ಲಿ ಯಾರದೂ ಕೆಟ್ಟ ಬುದ್ಧಿ ಇಲ್ಲ. ಆದರೆ ಯಾರೂ ಡ್ರೈವರ್ ಸೀಟಿನಲ್ಲಿ ಕೂತು ಕೈ ಚಾಚಿ ನೋಡಲಿಲ್ಲ.

ವಿಮಾನದಲ್ಲೂ ಇದೇ ಕಥೆ ಆಗಿತ್ತು

ಇದು ಬರೀ ಲಾರಿಯವರ ತಾಪತ್ರಯ ಅಂದುಕೊಳ್ಳಬೇಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಎಂಬ ಬಾಂಬರ್ ವಿಮಾನಗಳು ನೆಲಕ್ಕೆ ಇಳಿದ ಮೇಲೂ ಹೊಟ್ಟೆ ನೆಲಕ್ಕೆ ಬಡಿದು ಕೂರುತ್ತಿದ್ದವು. ಪೈಲಟ್‌ಗಳ ತಪ್ಪು ಎಂದು ಬರೆದು ಮುಗಿಸುತ್ತಿದ್ದರು. ಅಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್ ಒಳಗೆ ಹೋಗಿ ನೋಡಿದರು. ರೆಕ್ಕೆಯ ಫ್ಲಾಪ್ ಎತ್ತುವ ಸ್ವಿಚ್ಚು, ಚಕ್ರ ಮಡಚುವ ಸ್ವಿಚ್ಚು ಎರಡೂ ಅಕ್ಕಪಕ್ಕ, ನೋಡಲು ಒಂದೇ ತರ. ದಣಿದ ಪೈಲಟ್ ಫ್ಲಾಪ್ ಎತ್ತಲು ಹೋಗಿ ಚಕ್ರ ಮಡಚಿಬಿಡುತ್ತಿದ್ದ.

ಚಪಾನಿಸ್ ಪೈಲಟ್‌ಗಳಿಗೆ ಬುದ್ಧಿ ಹೇಳಲಿಲ್ಲ. ಚಕ್ರದ ಸ್ವಿಚ್ಚಿಗೆ ಪುಟ್ಟ ರಬ್ಬರ್ ಚಕ್ರ ಅಂಟಿಸಿದರು, ಫ್ಲಾಪಿನ ಸ್ವಿಚ್ಚಿಗೆ ಬೆಣೆಯಾಕಾರದ ಹಿಡಿ ಕೊಟ್ಟರು. ಕತ್ತಲಲ್ಲಿ ಮುಟ್ಟಿದರೂ ಯಾವುದು ಯಾವುದು ಎಂದು ಗೊತ್ತಾಗುವ ಹಾಗಾಯಿತು. ಆ ತಪ್ಪು ನಿಂತಿತು.

ನಮ್ಮ ಹಳೇ ಲಾರಿಗಳಲ್ಲೂ ಎಂಜಿನ್ ಆಫ್ ಮಾಡಲು ಎಳೆಯುವ ಗುಬುಟು, ಪಕ್ಕದಲ್ಲೇ ಕೈ ಆಕ್ಸಿಲೇಟರಿನ ಗುಬುಟು ಇರುವುದುಂಟು. ಎರಡೂ ಕರಿ, ಎರಡೂ ಗುಂಡಗೆ. ವೈರಿಂಗ್‌ನಿಂದ ಹೊಗೆ ಎದ್ದ ಹೊತ್ತಿನಲ್ಲಿ ಹೊಸ ಡ್ರೈವರ್ರು ಯಾವುದನ್ನು ಎಳೆಯಬೇಕು? ಕ್ಲೀನರ್ ಹುಡುಗನಿಗೆ ಅದು ಗೊತ್ತಿದೆಯೇ?

ಏನು ಮಾಡಬಹುದು?

ಮೊದಲ ಮಾತು, ಯಾವುದು ಎಲ್ಲಿರಬೇಕು ಎಂದು ಹೇಳಬೇಕಾದವರು ಓಡಿಸುವವರು. ಮಾಲೀಕರು ದುಡ್ಡು ಕೊಡಲಿ, ಎಲೆಕ್ಟ್ರಿಷಿಯನ್ ಕೆಲಸ ಮಾಡಲಿ. ಆದರೆ ಕೆಲಸಕ್ಕೆ ಮೊದಲು ಡ್ರೈವರ್ ಸೀಟಿನಲ್ಲಿ ಕೂತು, ಬೆನ್ನು ಸೀಟಿಗೆ ಒರಗಿಸಿ, ಬೆಲ್ಟ್ ಹಾಕಿಕೊಂಡು ಕೈ ಚಾಚಲಿ. ಕೈ ಎಲ್ಲಿಗೆ ಮುಟ್ಟುತ್ತದೋ ಅಲ್ಲಿಗೆ ಚಾಕ್‌ಪೀಸಿನಲ್ಲಿ ಒಂದು ಗೆರೆ ಹಾಕಿ. ಡಿಮ್-ಡಿಪ್, ಇಂಡಿಕೇಟರ್, ವೈಪರ್, ಹಾರನ್, ಹಜಾರ್ಡ್ ಲೈಟ್ ಈ ಐದೂ ಆ ಗೆರೆಯ ಒಳಗೇ ಬರಬೇಕು. ಹಾಡು, ಫ್ಯಾನು, ಅಲಂಕಾರದ ದೀಪ ಗೆರೆಯ ಆಚೆ ಹೋಗಲಿ. ಗಾಡಿ ನಿಲ್ಲಿಸಿದಾಗ ಹಾಕಿಕೊಂಡರಾಯಿತು.

ಎರಡನೆಯದು, ಎಲ್ಲ ಸ್ವಿಚ್ಚೂ ಒಂದೇ ತರ ಇರಬಾರದು. ಒಂದು ಮೇಲೆ ಕೆಳಗೆ ಆಡುವುದು, ಒಂದು ತಿರುಗಿಸುವುದು, ಒಂದು ಎಳೆಯುವುದು ಹೀಗಿರಲಿ. ಎಂಜಿನ್ ಆಫ್ ಮಾಡುವ ಗುಬುಟಿಗೆ ಕೆಂಪು ಬಣ್ಣ ಬಳಿಯಿರಿ. ಬೇರೆ ಗುಬುಟಿಗೆ ಸೈಕಲ್ ಟ್ಯೂಬಿನ ಒಂದು ತುಂಡು ಸುತ್ತಿದರೂ ಕೈಗೆ ವ್ಯತ್ಯಾಸ ತಿಳಿಯುತ್ತದೆ.

ಮೂರನೆಯದು, ಹೆಸರು ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಜೊತೆಗೆ ಚಿತ್ರವೂ ಇರಲಿ, ಏಕೆಂದರೆ ನಾಳೆ ಅದೇ ಗಾಡಿ ಹತ್ತುವವರು ತಮಿಳುನಾಡಿನವರೋ ಬಿಹಾರದವರೋ ಇರಬಹುದು. ಹೊಸ ಗಾಡಿಗಳ ಸ್ವಿಚ್ಚಿನ ಮೇಲಿನ ಚಿತ್ರಗಳಿಗೆ ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರಿಂದಲೇ ಯಾವ ದೇಶದ ಗಾಡಿ ಹತ್ತಿದರೂ ಹಜಾರ್ಡ್ ಸ್ವಿಚ್ಚಿನ ಮೇಲೆ ತ್ರಿಕೋನ ಕಾಣುತ್ತದೆ. ಅದೇ ಚಿತ್ರಗಳನ್ನು ನಮ್ಮ ಹಳೇ ಗಾಡಿಗೂ ಹಾಕಬಹುದು.

ನಾಲ್ಕನೆಯದು, ಮೀಟರ್ ಮುಚ್ಚಬೇಡಿ. ದೇವರ ಫೋಟೋ ಇರಲಿ, ಹಾರ ಇರಲಿ, ಆದರೆ ಏರ್ ಮೀಟರ್, ಆಯಿಲ್ ಪ್ರೆಷರ್ ಮೀಟರ್, ಸ್ಪೀಡೋಮೀಟರಿಗೆ ಅಡ್ಡ ಬರಬಾರದು. ಏರ್ ಕಡಿಮೆಯಾದರೆ ಕೂಗುವ ಬಜರ್ ಕಿರಿಕಿರಿ ಎಂದು ಅದರ ವೈರು ಕೀಳಬೇಡಿ. ಏರ್ ಬ್ರೇಕಿನ ಗಾಡಿಯಲ್ಲಿ ಅದು ಕೊನೆಯ ಎಚ್ಚರಿಕೆ.

ವೈರಿನ ವಿಷಯದಲ್ಲಿ ಹುಷಾರು

ಸ್ವಿಚ್ಚಿನ ಜಾಗ ಬದಲಿಸುವುದು ಎಂದರೆ ವೈರು ಎಳೆಯುವುದು. ತಪ್ಪು ಮಾಡಿದರೆ ಮರ, ರೆಕ್ಸಿನ್, ಸ್ಪಂಜು ತುಂಬಿದ ಕ್ಯಾಬಿನ್ನಿಗೆ ಬೆಂಕಿ ಹತ್ತುತ್ತದೆ. ಆದ್ದರಿಂದ ಇದನ್ನು ಕೆಲಸ ಬಲ್ಲ ಆಟೋ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಆದರೆ ಪಕ್ಕದಲ್ಲಿ ನಿಂತು ಕೇಳಲು ನಿಮಗೆ ಒಂದಿಷ್ಟು ತಿಳಿದಿರಲಿ.

ಮೊದಲು ಬ್ಯಾಟರಿ ಕನೆಕ್ಷನ್ ಬಿಚ್ಚಬೇಕು. ಗಾಡಿ 12 ವೋಲ್ಟೋ 24 ವೋಲ್ಟೋ ನೋಡಿ ಅದಕ್ಕೆ ತಕ್ಕ ಸಾಮಾನು ತರಬೇಕು. 12 ವೋಲ್ಟಿನ ಗಾಡಿಯಲ್ಲಿ 60 ವಾಟಿನ ಎರಡು ಹೆಡ್‌ಲೈಟ್ ಬಲ್ಬು ಉರಿದರೆ 10 ಆಂಪಿಯರ್ ಕರೆಂಟು ಹರಿಯುತ್ತದೆ. ಅಷ್ಟನ್ನೂ ಸಣ್ಣ ಸ್ವಿಚ್ಚಿನ ಮೂಲಕ ಹರಿಸಿದರೆ ಸ್ವಿಚ್ಚು ಬಿಸಿಯಾಗಿ ಸುಡುತ್ತದೆ. ನಡುವೆ ರಿಲೇ ಹಾಕಿದರೆ ಸ್ವಿಚ್ಚಿಗೆ ಭಾರ ಬೀಳುವುದಿಲ್ಲ. ಹೊಸದಾಗಿ ಸೇರಿಸಿದ ಪ್ರತಿಯೊಂದಕ್ಕೂ ಬೇರೆ ಫ್ಯೂಸ್ ಬೇಕು. ಫ್ಯೂಸ್ ಹೋಯಿತೆಂದು ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಚಾಳಿ ಬಿಡಬೇಕು. ತಗಡಿನ ತೂತಿನಲ್ಲಿ ವೈರು ಹಾಯುವ ಕಡೆ ರಬ್ಬರ್ ಬುಶ್ ಇರಬೇಕು, ಇಲ್ಲದಿದ್ದರೆ ಗಾಡಿಯ ಅದುರಿಗೆ ವೈರಿನ ಮೈ ಸವೆದು ಶಾರ್ಟ್ ಆಗುತ್ತದೆ. ಸತ್ತ ಸ್ವಿಚ್ಚು, ಸತ್ತ ವೈರು ಎರಡನ್ನೂ ಕಿತ್ತು ಹೊರಗೆ ಹಾಕಬೇಕು.

'ಅಭ್ಯಾಸ ಆಗುತ್ತೆ ಬಿಡಿ' ಎನ್ನುವವರಿಗೆ

ನಿಜ, ಹತ್ತು ವರ್ಷ ಒಂದೇ ಗಾಡಿ ಓಡಿಸಿದವರಿಗೆ ಕಣ್ಣು ಮುಚ್ಚಿದರೂ ಎಲ್ಲ ಸಿಗುತ್ತದೆ. ಅಂಥವರ ಗಾಡಿಯಲ್ಲಿ ಕೈಗೆ ಕೂತ ಸ್ವಿಚ್ಚನ್ನು ಸುಮ್ಮನೆ ಕದಲಿಸುವುದೂ ತಪ್ಪೇ. ಆದರೆ ಇವತ್ತು ಎಷ್ಟು ಜನ ಡ್ರೈವರ್‌ಗಳು ಒಂದೇ ಗಾಡಿಯಲ್ಲಿ ಅಷ್ಟು ವರ್ಷ ಇರುತ್ತಾರೆ? ಇವತ್ತು ತಿಪಟೂರಿನಿಂದ ಕೊಬ್ಬರಿ, ನಾಳೆ ಕುಣಿಗಲ್ ಕಡೆ ಸಿಮೆಂಟು, ನಾಳಿದ್ದು ವಸಂತನರಸಾಪುರದ ಫುಡ್ ಪಾರ್ಕಿಗೆ. ಒಂದೊಂದು ಟ್ರಿಪ್ಪಿಗೆ ಒಂದೊಂದು ಗಾಡಿ ಹತ್ತುವವರಿದ್ದಾರೆ. ಒಬ್ಬ ಮಾಲೀಕರ ಹತ್ತಿರ ಮೂರು ಲಾರಿ ಇದ್ದರೆ ಮೂರರಲ್ಲೂ ವೈಪರ್ ಸ್ವಿಚ್ಚು ಒಂದೇ ಜಾಗದಲ್ಲಿರಲಿ ಎಂದು ಕೇಳುವುದು ಅತಿಯಾಸೆಯೇ?

ಕಾನೂನಿನ ಹೆದರಿಕೆ ಹೇಳುವವರೂ ಇದ್ದಾರೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ತಡೆಯುವುದು ಆರ್‌ಸಿಯಲ್ಲಿ ಬರೆದಿರುವ ವಿವರಕ್ಕೆ ವ್ಯತ್ಯಾಸ ಬರುವಂಥ ಬದಲಾವಣೆಯನ್ನು. ವೈಪರ್ ಸ್ವಿಚ್ಚು ಎಲ್ಲಿದೆ ಎಂದು ಆರ್‌ಸಿಯಲ್ಲಿ ಬರೆದಿರುವುದಿಲ್ಲ. ಕರ್ಕಶ ಹಾರನ್ನು ಮಾತ್ರ ನಿಯಮಕ್ಕೆ ವಿರುದ್ಧ. ಸ್ವಿಚ್ಚು ಜೋಡಿಸುವ ನೆಪದಲ್ಲಿ ಅದನ್ನೂ ಕಿತ್ತುಹಾಕಿದರೆ ಊರಿಗೇ ಉಪಕಾರ.

8 ವರ್ಷ ದಾಟಿದ ಸಾರಿಗೆ ವಾಹನಕ್ಕೆ ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು. ದೀಪ, ಹಾರನ್, ವೈಪರ್, ಡ್ಯಾಶ್‌ಬೋರ್ಡಿನ ಉಪಕರಣ ಕೆಲಸ ಮಾಡುತ್ತವೆಯೇ ಎಂದು ಅಲ್ಲಿ ನೋಡಬೇಕು. ಡ್ರೈವರ್ ಬಗ್ಗದೆ ಅವನ್ನು ಮುಟ್ಟಬಹುದೇ ಎಂದೂ ನೋಡಲಿ ಎಂಬುದು ನಮ್ಮ ಒತ್ತಾಯ. ಅದಕ್ಕೆ ಯಂತ್ರ ಬೇಡ, ಒಂದು ನಿಮಿಷ ಸಾಕು.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಎಂದು ಕೇಂದ್ರ ಸರ್ಕಾರ ಮಾಡಿದೆ. ಡ್ರೈವರ್‌ಗಳ ಮೈ ದಣಿವಿನ ಬಗ್ಗೆ ಯಾರೋ ಯೋಚಿಸಿದರಲ್ಲ, ಸಂತೋಷ. ಆದರೆ ಆ ನಿಯಮ ಹೊಸ ಗಾಡಿಗೆ. ನಮ್ಮ ಊರಿನ ಹುಡುಗರು ಓಡಿಸುತ್ತಿರುವ ಹಳೇ ಗಾಡಿಗಳ ಕ್ಯಾಬಿನ್ ಸರಿ ಮಾಡಲು ಯಾವ ನಿಯಮವೂ ಬರುವುದಿಲ್ಲ. ಮಾಲೀಕರು, ಡ್ರೈವರ್‌ಗಳು ತಾವೇ ಮಾಡಿಕೊಳ್ಳಬೇಕು. ಒಂದು ಹೊಸ ಟೈರಿನ ಬೆಲೆಯ ಮುಂದೆ ಇದರ ಖರ್ಚು ಏನೇನೂ ಅಲ್ಲ.

ಅಪಘಾತವಾದರೆ ಎಫ್‌ಐಆರ್ ಆಗುವುದು ಡ್ರೈವರ್ ಮೇಲೆ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲು. 'ಅತಿವೇಗ ಮತ್ತು ಅಜಾಗರೂಕತೆ' ಎಂದು ಬರೆಯುತ್ತಾರೆ. ಆ ಹೊತ್ತಿನಲ್ಲಿ ಅವನ ಕೈ ಟೇಪಿನ ಗೂಡಿನ ಕೆಳಗೆ ವೈಪರ್ ಸ್ವಿಚ್ಚು ಹುಡುಕುತ್ತಿತ್ತು ಎಂದು ಯಾರೂ ಬರೆಯುವುದಿಲ್ಲ. ಪತ್ರಿಕೋದ್ಯಮ ಓದಿದ ನಾವೂ ಸುದ್ದಿ ಬರೆಯುವಾಗ ಅದನ್ನು ಕೇಳಿದವರಲ್ಲ. ಇನ್ನು ಮೇಲೆ ಕೇಳುತ್ತೇವೆ.

ನೀವು ಇವತ್ತೇ ಒಂದು ಕೆಲಸ ಮಾಡಿ ನೋಡಿ. ನಿಮ್ಮ ಲಾರಿ, 407, ಟ್ರ್ಯಾಕ್ಟರು ಯಾವುದೇ ಇರಲಿ, ಅಂಗಳದಲ್ಲಿ ನಿಂತಿರುವಾಗ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ. ಮನೆಯವರು ಯಾರಾದರೂ ಪಕ್ಕದಲ್ಲಿ ನಿಂತು "ವೈಪರ್", "ಡಿಮ್", "ಹಜಾರ್ಡ್" ಎಂದು ಒಂದೊಂದಾಗಿ ಕೂಗಲಿ. ಕೈ ಯಾವುದಕ್ಕೆ ತಡಕಾಡಿತೋ ಅದನ್ನು ಈ ವಾರವೇ ಎಲೆಕ್ಟ್ರಿಷಿಯನ್‌ಗೆ ತೋರಿಸಿ.