ನಕಲಿ ಖಾಕಿಗೆ ಎಲ್ಲವನ್ನೂ ಕೊಟ್ಟೆವು

ಮೊಬೈಲ್ ಪರದೆಯ ಮೇಲೆ ಖಾಕಿ ಅಂಗಿ, ಹಿಂದಿನ ಗೋಡೆಗೆ ಇಲಾಖೆಯ ಲಾಂಛನ. ‘ನಿಮ್ಮ ಹೆಸರಿನ ಕೊರಿಯರ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ಕ್ಯಾಮೆರಾ ಆಫ್ ಮಾಡಬೇಡಿ, ಮನೆಯವರಿಗೂ ಹೇಳಬೇಡಿ’ ಎಂಬ ಗದರಿಕೆ. ಅಷ್ಟಕ್ಕೇ ನಿವೃತ್ತ ಮೇಷ್ಟ್ರೊಬ್ಬರು ಆಧಾರ್, ಪ್ಯಾನ್, ಪಾಸ್‌ಬುಕ್ ಎಲ್ಲವನ್ನೂ ಒಂದೊಂದಾಗಿ ತೋರಿಸಿಬಿಡುತ್ತಾರೆ, ಎಫ್‌ಡಿ ಮುರಿಸಿ ಹಣ ಕಳಿಸುತ್ತಾರೆ. ಮೋಸ ಗೊತ್ತಾದ ಮೇಲೆ ನಿಜವಾದ ಠಾಣೆಗೆ ಹೋಗಲು ಮಾತ್ರ ಕಾಲೇಳುವುದಿಲ್ಲ. ಫೋನ್ ಕಿತ್ತಿಟ್ಟುಕೊಂಡರೆ? ಖಾತೆಯಲ್ಲಿ ಎಷ್ಟಿದೆ ಎಂಬುದು ಊರಿಗೆಲ್ಲ ತಿಳಿದರೆ?

ಈ ಅಳುಕೇ ಕಳ್ಳರ ಬಂಡವಾಳ. ಹೀಗೆ ವಿಡಿಯೊ ಕರೆಯಲ್ಲೇ ‘ಬಂಧಿಸುವ’ ‘ಡಿಜಿಟಲ್ ಅರೆಸ್ಟ್’ ನಮ್ಮ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ಬಾನುಲಿಯಲ್ಲಿ ಅದನ್ನು ಹೇಳಿದರು. ಆದರೂ 2025ರ ಮಾರ್ಚ್‌ನಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ವೃದ್ಧ ದಂಪತಿ ವಂಚಕರ ಕಾಟ ತಾಳಲಾರದೆ ಪ್ರಾಣ ಕಳೆದುಕೊಂಡರು. ‘ಓದಿದವರೇ ಹೀಗೆ ಮೋಸ ಹೋದರೆ ಹೇಗೆ?’ ಎಂದು ನಾವು ಆಡುವ ಮಾತು ಎಷ್ಟು ಜನರ ಬಾಯಿ ಕಟ್ಟಿದೆಯೋ! ದಯವಿಟ್ಟು ಆ ಮಾತನ್ನು ಬಿಡೋಣ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಕೇಳುವುದು ಹಣ ಹೋದ ಖಾತೆ, ವಹಿವಾಟಿನ ಸಂಖ್ಯೆ, ಮೊತ್ತ, ಸಮಯ, ಬಂದ ಕರೆಯ ನಂಬರ್ ಇಂಥವನ್ನು. ದೂರು ದಾಖಲಾದ ಕೂಡಲೇ ಹಣ ಸೇರಿದ ಬ್ಯಾಂಕಿಗೆ ಸೂಚನೆ ಹೋಗುತ್ತದೆ, ಉಳಿದಿರುವ ಹಣವನ್ನು ಅಲ್ಲೇ ತಡೆಹಿಡಿಯಲು ಸಾಧ್ಯವಾಗುತ್ತದೆ. ತಡಮಾಡಿದಷ್ಟೂ ಅದು ಬಾಡಿಗೆ ಖಾತೆಯಿಂದ ಬಾಡಿಗೆ ಖಾತೆಗೆ ಹಾರುತ್ತದೆ. ಒಟಿಪಿ, ಪಿನ್, ಪಾಸ್‌ವರ್ಡ್ ಯಾವ ಪೊಲೀಸರಿಗೂ ಬೇಕಿಲ್ಲ. ಕೇಳಿದವನು ಕಳ್ಳ.

ಇನ್ನು ಠಾಣೆಯವರಿಗೆ ಒಂದು ಮಾತು. ಜನರ ಅಂಜಿಕೆ ಹುಸಿಯಲ್ಲ, ಎಷ್ಟೋ ವರ್ಷಗಳ ಒರಟು ಮಾತಿನಿಂದ ಹುಟ್ಟಿದ್ದು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಸಲ್ಲಿಸಿದ ಅರ್ಜಿಯಲ್ಲಿ. ಆ ಹಕ್ಕು ಠಾಣೆಯ ಹೊಸ್ತಿಲಲ್ಲಿ ಚಪ್ಪಲಿಯ ಜೊತೆ ಕಳಚಿಡುವಂಥದ್ದಲ್ಲ. ಫೋನ್ ಬೇಕಾದರೆ ಯಾಕೆಂದು ಹೇಳಿ, ತೆಗೆದುಕೊಂಡದ್ದಕ್ಕೆ ರಸೀದಿ ಕೊಡಿ. ಅಳುತ್ತ ಬಂದ ಹೆಂಗಸಿನ ವಾಟ್ಸ್‌ಆ್ಯಪ್ ಸಂದೇಶಗಳನ್ನು ನಾಲ್ಕು ಜನರೆದುರು ಗಟ್ಟಿಯಾಗಿ ಓದಬೇಡಿ. ‘ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದು ಅಟ್ಟಲೂಬೇಡಿ. ಅಪರಾಧ ಎಲ್ಲೇ ನಡೆದಿರಲಿ, ದೂರು ದಾಖಲಿಸಿಕೊಳ್ಳಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದೂ ಹೇಳುತ್ತದೆ.

ಉಳಿದವರು ನಾವು. ನಿಮ್ಮ ಬೀದಿಯಲ್ಲೂ ಮಕ್ಕಳನ್ನು ದೂರದೂರಿಗೆ ಕಳಿಸಿ ಒಂಟಿಯಾಗಿರುವ ಹಿರಿಯರು ಇದ್ದಾರೆ. ಇವತ್ತು ಸಂಜೆಯೇ ಅವರ ಮನೆಗೆ ಹೋಗಿ, 1930 ಎಂದು ದೊಡ್ಡದಾಗಿ ಬರೆದುಕೊಡಿ. ‘ಅಂಥ ಕರೆ ಬಂದರೆ ಮೊದಲು ನನ್ನನ್ನು ಕೂಗಿ. ದುಡ್ಡು ಹೋಗಿದ್ದರೂ ಕೂಗಿ, ಎಷ್ಟು ಹೊತ್ತಾಗಿದ್ದರೂ ಠಾಣೆಗೆ ಜೊತೆಗೆ ಬರುತ್ತೇನೆ’ ಎಂದು ಹೇಳಿ ಬನ್ನಿ.